ಸಂಚಾರಿ ಕಚೇರಿಯ ಲಿಥಿಯಂ ಸಂಕಥನ: ಕೆಲವು ತಾತ್ವಿಕ ನೆಲೆಗಳು

1. ಪ್ರವೇಶಿಕೆ

ನಾಲ್ಕು ಲಿಥಿಯಂ ಸೆಲ್ಲುಗಳನ್ನು ಪ್ಲೈವುಡ್ ಪೆಟ್ಟಿಗೆಯೊಂದರಲ್ಲಿ ಬಿಗಿದು, ಹಳೆಯ ಓಮ್ನಿ ವ್ಯಾನಿನ ಹಿಂದಿನ ಸೀಟಿದ್ದ ಜಾಗದಲ್ಲಿ ಕೂರಿಸಿ, ಅದರ ಬಲದಿಂದ ಸಂತೆಯಿಂದ ಸಂತೆಗೆ ಹೋಗಿ ಜನರಿಗೆ ಅರ್ಜಿ ತುಂಬಿಕೊಡುವ ಕ್ರಿಯೆಯನ್ನು ಅದರ ಸಾಮಾಜಿಕ, ಸಾಂಸ್ಕೃತಿಕ, ಆಧ್ಯಾತ್ಮಿಕ ಹಾಗೂ ಇತ್ಯಾದಿ ಆಯಾಮಗಳಲ್ಲಿ ಮುಖಾಮುಖಿಯಾಗುವ ವಿನಮ್ರ ಪ್ರಯತ್ನವೇ ಪ್ರಸ್ತುತ ಪ್ರಬಂಧವಾಗಿದೆ. ಸದರಿ ಕ್ರಿಯೆಗೆ ಜನ ‘ಬ್ಯಾಟ್ರಿ ಹಾಕ್ಸೋದು’ ಎನ್ನುತ್ತಾರೆ. ಎಲ್ಲರಿಗೂ ಅರ್ಥವಾಗುವುದರಿಂದ ಈ ಪ್ರಯೋಗವು ಅಕಡೆಮಿಕ್ ವಲಯದಲ್ಲಿ ಮಾನ್ಯವಲ್ಲ. ಆದಕಾರಣ ಇಲ್ಲಿ ಇದನ್ನು ‘ಶಕ್ತಿಸಂಚಯದ ವಿಕೇಂದ್ರೀಕೃತ ಅನುಸಂಧಾನ’ ಎಂದೂ, ಕರೆಂಟು ಹೋಗಿರುವುದನ್ನು ‘ಗ್ರಿಡ್ಡಿನ ಗೈರುಹಾಜರಿಯ ರಾಜಕಾರಣ’ ಎಂದೂ, ವ್ಯಾನಿನ ಮುಂದೆ ಬಿಸಿಲಲ್ಲಿ ನಿಂತ ಮುದುಕಿಯನ್ನು ‘ಫಲಾನುಭವಿ ಸಮೂಹ’ ಎಂದೂ ಕರೆಯಲಾಗುವುದು.

2. ಪೂರ್ವಸೂರಿಗಳು

ಈ ಪೆಟ್ಟಿಗೆಯೊಳಗಿನ ರಸಾಯನದ ಹೆಸರು ಲಿಥಿಯಂ ಐರನ್ ಫಾಸ್ಫೇಟ್. ಇದನ್ನು ಬ್ಯಾಟರಿಗೆ ಬಳಸಬಹುದೆಂದು ಟೆಕ್ಸಾಸ್ ವಿಶ್ವವಿದ್ಯಾಲಯದ ಪಾಧಿ, ನಂಜುಂಡಸ್ವಾಮಿ ಮತ್ತು ಗುಡ್‌ಇನಫ್ 1997ರ ಲೇಖನದಲ್ಲಿ ತೋರಿಸಿದರು. ನಡುವಿನ ಹೆಸರು ಕಣ್ಣಿಗೆ ಬಿದ್ದೊಡನೆ, ಲಿಥಿಯಂ ಬ್ಯಾಟರಿಯ ಮೂಲ ನಂಜನಗೂಡಿನಲ್ಲಿದೆ ಎಂದು ಸಾಧಿಸುವ ಪ್ರೇರಣೆ ಈ ಅಧ್ಯಯನಕಾರನಿಗಾಯಿತು. ಇದಕ್ಕಿಂತ ಕಡಿಮೆ ಆಧಾರದ ಮೇಲೆ ಪಿಎಚ್.ಡಿ. ಪಡೆದವರುಂಟು; ಆದರೂ ಸಂಯಮ ವಹಿಸಲಾಗಿದೆ. ಗುಡ್‌ಇನಫ್ ಅವರಿಗೆ ವಿಟಿಂಗ್‌ಹ್ಯಾಮ್ ಮತ್ತು ಯೋಶಿನೊ ಅವರ ಜೊತೆ ರಸಾಯನಶಾಸ್ತ್ರದ ನೊಬೆಲ್ ಬಂದದ್ದು 2019ರಲ್ಲಿ, 97ನೆಯ ವಯಸ್ಸಿನಲ್ಲಿ. ನಮ್ಮಲ್ಲಾಗಿದ್ದರೆ ಅಷ್ಟರೊಳಗೆ ಅವರ ಮೇಲೆ ಮೂರು ಅಭಿನಂದನ ಗ್ರಂಥ ಬಂದು, ಮೂರೂ ಗೆದ್ದಲಿಗೆ ಸಂದಿರುತ್ತಿದ್ದವು.

ಇನ್ನು ದೇಸಿ ನೆಲೆ. ಮಂಡ್ಯ ಜಿಲ್ಲೆಯ ಮಾರ್ಲಗಲ್ಲ–ಅಲ್ಲಾಪಟ್ಟಣ ಪ್ರದೇಶದಲ್ಲಿ 1600 ಟನ್ ಲಿಥಿಯಂ ಇದೆಯೆಂದು ಪರಮಾಣು ಖನಿಜ ನಿರ್ದೇಶನಾಲಯ ಅಂದಾಜು ಮಾಡಿದೆ. ಈ ಲಿಥಿಯಂ ಇದುವರೆಗೆ ಭಾಷಣಗಳಲ್ಲಿ ಧಾರಾಳವಾಗಿ ಬಳಕೆಯಾಗಿದೆ. ಪೆಟ್ಟಿಗೆಯೊಳಗಿನ ಸೆಲ್ಲು ಮಾತ್ರ ಚೀನಾದಿಂದ ಬರುತ್ತದೆ.

3. ಸಿದ್ಧಾಂತಗಳ ವರ್ಗೀಕರಣ

ಸೆಲ್ಲುಗಳ ಜೋಡಣೆಯಲ್ಲಿ ಮೂರು ಮತಗಳಿವೆ. ಒಂದು, ದ್ವೈತ. ಇಲ್ಲಿ ಪ್ರತಿ ಸೆಲ್ಲೂ ಬೇರೆ, ಒಂದರ ಪ್ಲಸ್ಸು ಇನ್ನೊಂದರ ಮೈನಸ್ಸಿಗೆ ಸೇರುತ್ತದೆ, 3.2 ವೋಲ್ಟಿನ ನಾಲ್ಕು ಸೇರಿ 12.8 ಆಗುತ್ತದೆ. ಅಂಗಡಿಯವರು ಇದಕ್ಕೆ ಸೀರೀಸ್ ಎನ್ನುತ್ತಾರೆ. ಎರಡು, ಅದ್ವೈತ. ಇಲ್ಲಿ ಪ್ಲಸ್ಸುಗಳೆಲ್ಲ ಒಂದೇ, ಮೈನಸ್ಸುಗಳೆಲ್ಲ ಒಂದೇ. ಎಷ್ಟು ಸೆಲ್ಲು ಸೇರಿದರೂ ವೋಲ್ಟೇಜು 3.2ರಲ್ಲೇ ಇರುತ್ತದೆ, ಆಂಪಿಯರ್-ಅವರ್ ಮಾತ್ರ ಬೆಳೆಯುತ್ತದೆ. ಅಂಗಡಿಯವರು ಇದಕ್ಕೆ ಪ್ಯಾರಲಲ್ ಎನ್ನುತ್ತಾರೆ. ಮೂರು, ಎರಡನ್ನೂ ಬೆರೆಸಿದ ವಿಶಿಷ್ಟಾದ್ವೈತ. ಶಕ್ತಿವಿಶಿಷ್ಟಾದ್ವೈತವನ್ನು ಬಿಟ್ಟರೆ ಸಮಿತಿಯಲ್ಲಿ ಆಕ್ಷೇಪ ಬರುತ್ತದೆಂದು ಮಾರ್ಗದರ್ಶಕರು ಎಚ್ಚರಿಸಿದ್ದರಿಂದ, ಇನ್ವರ್ಟರ್ ಸೇರಿಸಿದ ಮೇಲೆ ಅದೂ ಆಗುತ್ತದೆಂದು ಇಟ್ಟುಕೊಳ್ಳಬಹುದು.

ಗಮನಾರ್ಹ ಸಂಗತಿಯೆಂದರೆ, ಹೊಸ ಸೆಲ್ಲುಗಳು ಮೊದಲು ಅದ್ವೈತದಲ್ಲಿ ಕೂತು 3.65 ವೋಲ್ಟಿನವರೆಗೆ ಚಾರ್ಜಾಗಿ, ಸಮಸ್ಥಿತಿಗೆ ಬಂದ ನಂತರವೇ ದ್ವೈತಕ್ಕೆ ಇಳಿಯತಕ್ಕದ್ದು. ಟಾಪ್ ಬ್ಯಾಲೆನ್ಸ್ ಎಂಬ ಈ ಸಂಸ್ಕಾರ ತಪ್ಪಿದರೆ ಒಂದು ಸೆಲ್ಲು ಉಳಿದವಕ್ಕಿಂತ ಮೊದಲೇ ತುಂಬಿಬಿಡುತ್ತದೆ. ಆಗ ಬಿಎಂಎಸ್ (ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಂ) ಎಂಬ ಯಜಮಾನಿಕೆಯ ಸಂರಚನೆಯು ಇಡೀ ಸಾಲಿನ ಚಾರ್ಜಿಂಗ್ ನಿಲ್ಲಿಸುತ್ತದೆ. ಒಬ್ಬನ ಹೊಟ್ಟೆ ತುಂಬಿತೆಂದು ಪಂಕ್ತಿಯನ್ನೇ ಎಬ್ಬಿಸುವ ಈ ಕ್ರಮದ ಸಾಂಸ್ಕೃತಿಕ ಬೇರುಗಳನ್ನು ಪ್ರತ್ಯೇಕ ವಿಚಾರಸಂಕಿರಣದಲ್ಲಿ ಶೋಧಿಸಬೇಕಾಗಿದೆ.

ಸ್ವಭಾವದಲ್ಲಿ ಈ ಸೆಲ್ಲು ಸ್ಥಿತಪ್ರಜ್ಞ. ಶೇ. 80 ಚಾರ್ಜಿದ್ದಾಗಲೂ ಶೇ. 30ಕ್ಕೆ ಇಳಿದಾಗಲೂ ಅದರ ವೋಲ್ಟೇಜಿನಲ್ಲಿ ಕಾಣುವ ವ್ಯತ್ಯಾಸ ಒಂದು ವೋಲ್ಟಿನ ಹತ್ತನೇ ಒಂದು ಭಾಗವೂ ಇಲ್ಲ. ಸುಖದುಃಖಗಳಲ್ಲಿ ಸಮನಾಗಿದ್ದು, ಕೊನೆಗೆ ಹೇಳದೆ ಕೇಳದೆ ಕುಸಿಯುತ್ತದೆ. ಹಳೆಯ ಲೆಡ್ ಆ್ಯಸಿಡ್ ಬ್ಯಾಟರಿಯಂತೆ ಮೀಟರ್ ಇಟ್ಟು ನಾಡಿ ಹಿಡಿಯಲು ಬರುವುದಿಲ್ಲ. ಬಂದ ಕರೆಂಟು, ಹೋದ ಕರೆಂಟು ಎರಡನ್ನೂ ಜಮಾಖರ್ಚು ಇಡುವ ಶಂಟ್ ಬೇಕು.

ಈ ಕ್ಷೇತ್ರದ ತಜ್ಞರಲ್ಲಿ ಏಳು ವಿಧ.

(ಅ) ಉದ್ಘಾಟಕ ತಜ್ಞ: ದೀಪ ಹಚ್ಚಿ, ತುರ್ತು ಸಭೆಯಿದೆಯೆಂದು ಹೊರಡುವವನು.

(ಆ) ಸ್ಲೈಡ್ ತಜ್ಞ: ತೆರೆಯ ಮೇಲಿರುವುದನ್ನೇ ತೆರೆಗಿಂತ ನಿಧಾನವಾಗಿ ಓದುವವನು.

(ಇ) ಗಲ್ಲಾಪೆಟ್ಟಿಗೆ ತಜ್ಞ: ಕ್ಯೂಆರ್ ಕೋಡ್ ಕೆರೆದು ತೆಗೆದ ಹಳೆಯ ಸೆಲ್ಲಿಗೆ ಹೊಸ ನೀಲಿ ಕವರು ತೊಡಿಸಿ ‘ಎ ಗ್ರೇಡ್ ಸಾರ್, ಕಣ್ಮುಚ್ಕೊಂಡು ತಗೊಳ್ಳಿ’ ಎನ್ನುವವನು. ಕಣ್ಣು ಮುಚ್ಚುವುದು ಇಲ್ಲಿ ನಿಜಕ್ಕೂ ವ್ಯಾಪಾರದ ಷರತ್ತು.

(ಈ) ನಾಲ್ಕನೆಯವನು... ಇರಲಿ ಬಿಡಿ. ಉಳಿದ ನಾಲ್ವರೂ ಈ ಮೂವರ ಶಿಷ್ಯರು.

4. ಕ್ಷೇತ್ರಕಾರ್ಯ

ಅಧ್ಯಯನದ ಅಂಗವಾಗಿ ‘ಸುಸ್ಥಿರ ಶಕ್ತಿ: ಪರಿಕಲ್ಪನೆ ಮತ್ತು ಸವಾಲುಗಳು’ ಎಂಬ ಕಾರ್ಯಾಗಾರದಲ್ಲಿ ಭಾಗವಹಿಸಲಾಯಿತು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಹಾರ, ಶಾಲು, ಪೇಟ. ನಂತರ ಆಶಯ ಭಾಷಣ. ಭಾಷಣಕಾರರು ಋಗ್ವೇದದ ಅಗ್ನಿಯಿಂದ ಹೊರಟು ಶಿವನಸಮುದ್ರ ತಲುಪುವಷ್ಟರಲ್ಲಿ ಊಟದ ಹೊತ್ತಾಯಿತು. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ನಮ್ಮ ಸಭಾಂಗಣದಲ್ಲಿ ಅದೇ ವೇಳೆಗೆ ಸರಿಯಾಗಿ ಕರೆಂಟು ಹೋಯಿತು. ಯಾರೂ ನಗಲಿಲ್ಲ. ಜನರೇಟರ್ ಹಾಕಿಸಿ ವಿಕೇಂದ್ರೀಕರಣದ ಸ್ಲೈಡು ಮುಂದುವರಿಸಿದರು.

ಮಧ್ಯಾಹ್ನ, ಸಂತೆಗಳಲ್ಲಿ ಓಮ್ನಿ ನಿಲ್ಲಿಸಿಕೊಂಡು ಪಹಣಿ ಪ್ರಿಂಟು ಕೊಡುವ, ಪಿಂಚಣಿ ಅರ್ಜಿ ತುಂಬುವ ಒಬ್ಬರು ಎದ್ದು ನಿಂತರು. ಅವರ ಲೆಕ್ಕ ಚೊಕ್ಕವಾಗಿತ್ತು. ಲ್ಯಾಪ್‌ಟಾಪ್ 60 ವಾಟ್, 8 ಗಂಟೆ. ರೌಟರ್ 10 ವಾಟ್, ಅದೂ 8 ಗಂಟೆ. 28 ವಾಟಿನ ಫ್ಯಾನು. ಇಂಕ್ ಟ್ಯಾಂಕ್ ಪ್ರಿಂಟರು, ಒಂದು ಬಲ್ಬು. ಇನ್ವರ್ಟರ್ ತಿನ್ನುವ ಪಾಲೂ ಸೇರಿ ದಿನಕ್ಕೆ ಸುಮಾರು ಒಂದು ಯೂನಿಟ್. 280 ಆಂಪಿಯರ್-ಅವರಿನ ನಾಲ್ಕು ಸೆಲ್ಲಿನಲ್ಲಿ ಮೂರೂವರೆ ಯೂನಿಟ್ ಹಿಡಿಯುತ್ತದೆ. ತೀರಾ ಬರಿದು ಮಾಡದೆ ಬಳಸಿದರೆ ಮೋಡ ಕವಿದರೂ ಎರಡು ದಿನಕ್ಕೆ ಮೋಸವಿಲ್ಲ. ಛಾವಣಿಯ ಮೇಲೆ 400 ವಾಟಿನ ಪ್ಯಾನೆಲ್. ಇಷ್ಟನ್ನೂ ಒಂದು ನೋಟ್‌ಬುಕ್ ಹಾಳೆಯಲ್ಲಿ ಬರೆದುಕೊಂಡು ಬಂದಿದ್ದರು.

“ಸಾರ್, ಸಾವಿರ ವಾಟ್ಸ್ ಇನ್ವರ್ಟರ್ ಹಾಕಿದೀನಿ. ಬ್ಯಾಟ್ರಿಯಿಂದ ಕೇಬಲ್ ಎಷ್ಟು ದಪ್ಪದ್ದು ಹಾಕ್ಲಿ? ಈಗಿರೋದು ಹಿಂಗಾಗಿದೆ” ಎಂದು ಜೇಬಿನಿಂದ ಗೇಣುದ್ದದ ವೈರು ತೆಗೆದು ತೋರಿಸಿದರು. ಮನೆ ವೈರಿಂಗಿನ 4 ಸ್ಕ್ವೇರ್ ಎಂಎಂ ವೈರು. ಲಗ್ಗು ಪಂಚ್ ಮಾಡಿರಲಿಲ್ಲ. ಎಳೆಗಳನ್ನು ಕೈಯಲ್ಲೇ ಹೊಸೆದು ಇನ್ಸುಲೇಷನ್ ಟೇಪು ಸುತ್ತಿತ್ತು. ಟೇಪು ಕರಗಿ ಅಂಟಾಗಿತ್ತು. ಕೆಂಪು ಕವಚ ಕಂದುಬಣ್ಣಕ್ಕೆ ತಿರುಗಿ, ಬಗ್ಗಿಸಿದರೆ ಲಟಕ್ಕೆಂದು ಒಡೆಯುತ್ತಿತ್ತು.

ವೇದಿಕೆಯಿಂದ ಉತ್ತರ ಬಂತು: “ಬಹಳ ಒಳ್ಳೆಯ ಪ್ರಶ್ನೆ. ಆದರೆ ಇದನ್ನು ನಾವು ಇನ್ನೂ ವಿಶಾಲವಾದ ನೆಲೆಯಲ್ಲಿ ನೋಡಬೇಕಾಗುತ್ತದೆ.”

ನೋಡಿದರು. ಆಮೇಲೆ ಟೀ ಬಂತು. ಪ್ರಶ್ನೆ ಕೇಳಿದವರಿಗೆ ಪ್ರಮಾಣಪತ್ರ, ಒಂದು ಬಟ್ಟೆ ಚೀಲ ಮತ್ತು ಪೆನ್ನು ಸಿಕ್ಕಿತು. ವೈರು ಮತ್ತೆ ಜೇಬಿಗೆ ಹೋಯಿತು.

5. ಫ್ಯೂಸು

ಇಲ್ಲಿಂದ ಮುಂದೆ ಸಂಕಥನ ಇಲ್ಲ. ಅವರಿಗೆ ಕೊಡಬೇಕಾಗಿದ್ದ ಉತ್ತರ ಇಷ್ಟೇ.

ಸಾವಿರ ವಾಟನ್ನು 12 ವೋಲ್ಟಿನ ಬ್ಯಾಟರಿಯಿಂದ ಎಳೆದರೆ ನೂರು ಆಂಪಿಯರಿನ ಹತ್ತಿರ ಹರಿಯುತ್ತದೆ. ಅದಕ್ಕೆ 35 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ ಹಾಕಿ, ಉದ್ದ ಆದಷ್ಟು ಕಡಿಮೆ ಇರಲಿ. ಲಗ್ಗನ್ನು ಕ್ರಿಂಪಿಂಗ್ ಟೂಲಿನಲ್ಲೇ ಒತ್ತಿಸಿ. ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣಿನೊಳಗೆ 125 ಆಂಪಿಯರಿನ, ಡಿಸಿಗೆ ಒಪ್ಪುವ ಟಿ ಕ್ಲಾಸ್ ಫ್ಯೂಸ್ ಇರಲಿ. ಮನೆಯ ಎಸಿ ಎಂಸಿಬಿ ಇಲ್ಲಿ ನಡೆಯದು. ವ್ಯಾನಿನ ಆಲ್ಟರ್ನೇಟರಿಗೆ ಲಿಥಿಯಂ ಅನ್ನು ನೇರ ಜೋಡಿಸಬೇಡಿ, ಆಲ್ಟರ್ನೇಟರ್ ಬಿಸಿಯಾಗಿ ಸುಟ್ಟೀತು. ನಡುವೆ ಡಿಸಿ-ಡಿಸಿ ಚಾರ್ಜರ್ ಹಾಕಿ. ಹಳ್ಳಿ ರಸ್ತೆಯ ಕುಲುಕಾಟಕ್ಕೆ ನಟ್ಟು ಸಡಿಲವಾಗುತ್ತದೆ, ಆಗಾಗ ನೋಡಿಕೊಳ್ಳಿ. ಸ್ಪ್ಯಾನರಿಗೆ ಟೇಪು ಸುತ್ತಿಕೊಂಡೇ ಕೆಲಸ ಮಾಡಿ.

ಒಂದೂವರೆ ನಿಮಿಷದ ಮಾತು. ಇದನ್ನು ಹೇಳಲು ಋಗ್ವೇದ ಬೇಡ, ಸ್ಲೈಡು ಬೇಡ. ಹೇಳದೆ ಹೋದರೆ ಮಾತ್ರ ವ್ಯಾನು ಸುಡುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬೇರೆ ಲಿಥಿಯಂಗಳಿಗಿಂತ ಶಾಂತ, ತಾನಾಗಿ ಅಷ್ಟು ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಹೊತ್ತಿಕೊಳ್ಳುವುದು ತೆಳ್ಳನೆಯ ವೈರು, ಸಡಿಲ ನಟ್ಟು, ಇಲ್ಲದ ಫ್ಯೂಸು. ಶಾರ್ಟ್ ಆದ ಕ್ಷಣ ಆ ಪೆಟ್ಟಿಗೆ ಸಾವಿರಾರು ಆಂಪಿಯರ್ ಸುರಿಯುತ್ತದೆ, ಮತ್ತು ಅದರಿಂದ ಎರಡು ಮಾರು ದೂರದಲ್ಲಿ ಯಾರೋ ಅಜ್ಜಿ ಹೆಬ್ಬೆರಳು ಒತ್ತಲು ಕಾಯುತ್ತಿರುತ್ತಾಳೆ. ಇದು ನೆಲೆಯೂ ಅಲ್ಲ, ಆಯಾಮವೂ ಅಲ್ಲ.

ಕನ್ನಡಕ್ಕೆ ಇದನ್ನು ಹೇಳುವ ತ್ರಾಣವಿಲ್ಲವೆಂದು ಯಾರೂ ನೆಪ ಹೇಳಬೇಕಾಗಿಲ್ಲ. ಶಿವರಾಮ ಕಾರಂತರು ‘ಬಾಲ ಪ್ರಪಂಚ’ದಲ್ಲಿ ಜಗತ್ತಿನ ಸಂಗತಿಗಳನ್ನೆಲ್ಲ ಮಕ್ಕಳಿಗೆ ಹೇಳಿ ದಶಕಗಳೇ ಕಳೆದವು. ಬಿ.ಜಿ.ಎಲ್. ಸ್ವಾಮಿಯವರು ಸಸ್ಯಶಾಸ್ತ್ರವನ್ನು ನಗುನಗುತ್ತ ಓದಿಸುವಂತೆ ಬರೆದ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಅಷ್ಟು ಮಾಡಿದ ಭಾಷೆಯಲ್ಲಿ ಇಂದು ಒಬ್ಬ ಓಮ್ನಿಯವನು ಕೇಬಲ್ಲಿನ ದಪ್ಪ ಕೇಳಿದರೆ ಬಟ್ಟೆ ಚೀಲ ಸಿಗುತ್ತದೆ. ತಿಳಿಯದವರು ದೊಡ್ಡ ಮಾತಿನ ಮರೆಯಲ್ಲಿ ಕೂರುವುದು ಹಳೆಯ ಕತೆ. ತಿಳಿದವರೂ, ಸಣ್ಣ ಮಾತಾಡಿದರೆ ತಮ್ಮ ತೂಕ ಇಳಿದೀತೆಂದು ಅಲ್ಲೇ ಹೋಗಿ ಕೂತಿದ್ದಾರಲ್ಲ, ಸಂಕಟ ಅದು.

6. ಉಪಸಂಹಾರ

ಸಂಚಾರಿ ಕಚೇರಿಗೆ ಬ್ಯಾಟರಿ ಕಟ್ಟುವುದು ಬ್ರಹ್ಮವಿದ್ಯೆಯಲ್ಲ. ಒಳ್ಳೆಯ ಸೆಲ್ಲು, ಸರಿಯಾದ ಬಿಎಂಎಸ್, ದಪ್ಪ ಕೇಬಲ್, ಹತ್ತಿರದ ಫ್ಯೂಸು, ಕೂಡುವ ಕಳೆಯುವ ಲೆಕ್ಕ: ಇಷ್ಟು ಸಾಕು. ಕಾರ್ಯಾಗಾರ ನಡೆಸುವ ಮಹನೀಯರಲ್ಲಿ ಬೇಡಿಕೆ ಒಂದೇ. ಮುಂದಿನ ಸಲ ಫ್ಯೂಸು ಎಷ್ಟು ಆಂಪಿಯರಿನದು, ಎಲ್ಲಿ ಹಾಕಬೇಕು ಎಂಬುದನ್ನು ಮೊದಲು ಹೇಳಿಬಿಡಿ. ದೀಪ ಆಮೇಲೆ ಹಚ್ಚಿ.