ಮುಂಬೈಗೆ ಇಕ್ಕಟ್ಟು, ಅರ್ಗಾಕ್ಕೆ ಬಿಕ್ಕಟ್ಟು

ಮೊಮ್ಮಗ: ಅಜ್ಜಾ, ನೌಕಾನೆಲೆ ಕಾರವಾರಕ್ಕೆ ಯಾಕೆ ಬಂತು?

ಅಜ್ಜ: ಮುಂಬೈ ಬಂದರಿನಲ್ಲಿ ಹಡಗುಗಳಿಗೆ ಜಾಗ ಸಾಲಲಿಲ್ಲ ಮಗಾ. ಜಾಗ ಇಲ್ಲದವರಿಗೆ ಜಾಗ ಬಿಡೋದು ನಮ್ಮ ಸಂಸ್ಕಾರ.

ಮೊಮ್ಮಗ: ನಿಮ್ಮನ್ನ ಕೇಳಿದ್ರಾ?

ಅಜ್ಜ: ಕೇಳಿದ್ರು, ನೋಟಿಸಿನಲ್ಲಿ. 1986ರಲ್ಲಿ ರಾಜೀವ್ ಗಾಂಧಿ ಸೀಬರ್ಡ್ ನೌಕಾನೆಲೆ ಯೋಜನೆಗೆ ಅಡಿಗಲ್ಲು ಹಾಕಿದ್ರು, 2005ಕ್ಕೆ ಐಎನ್‌ಎಸ್ ಕದಂಬ ನೆಲೆ ಶುರುವಾಯ್ತು. ನಡುವೆ ನಮ್ಮನ್ನು ನಮ್ಮೂರು ಅರ್ಗಾದಿಂದ ಎಬ್ಬಿಸಿದ್ರು.

ಮೊಮ್ಮಗ: ಪರಿಹಾರ?

ಅಜ್ಜ: ಹೆಚ್ಚಿಗೆ ಬೇಕು ಅಂತ ಕೇಸು ಹಾಕಿದವ ನಾನು, ದುಡ್ಡು ಎಣಿಸುವವ ನೀನು.

ಮೊಮ್ಮಗ: ದೋಣಿ?

ಅಜ್ಜ: ಅಂಗಳದಲ್ಲಿದೆ. ಮಣ್ಣು ತುಂಬಿಸಿದ್ದೇನೆ, ಬಸಳೆ ಚೆನ್ನಾಗಿ ಬರ್ತದೆ.

ಮೊಮ್ಮಗ: ಹಳೇ ಮನೆ ಜಾಗದ ಫೋಟೋ ತೆಗೆದು ಬರ್ಲಾ?

ಅಜ್ಜ: ಬೇಡಪ್ಪಾ, ಒಳಗೆ ಹಾಕ್ತಾರೆ! ನಿನ್ನಜ್ಜಿ ಮೀನುಸಾರು ಕುದಿಸ್ತಿದ್ದ ಒಲೆ ಈಗ ದೇಶದ ಗುಟ್ಟು.