‘ಬೀಳು ನಂಗೇ ಪಾಸ್ ಇಲ್ಲೆ’: ಹಾಲಾಡಿ ಹೊಳೆಯ ಸಂದರ್ಶನ

ಸೇತುವೆಯ ಕೆಳಗೆ ಮತ್ತೆ ಮೂಟೆಗಳು ಬಿದ್ದಿವೆ. ಯಾರದ್ದು, ಎಷ್ಟು ಹೊತ್ತಿಗೆ ಬೀಳುತ್ತವೆ ಎಂಬುದು ಊರಿಗೆಲ್ಲ ಗೊತ್ತಿರುವ ಗುಟ್ಟು. ಊರವರು ಬಾಯಿ ಬಿಡುವುದಿಲ್ಲವಾದ್ದರಿಂದ ಅಂಕಣಕಾರರು ನೇರ ಹೊಳೆಯನ್ನೇ ಕೇಳಲು ಹಾಲಾಡಿಗೆ ಬಂದಿದ್ದರು.

“ಅಮ್ಮಾ, ಈ ಕೋಳಿ ಪುಕ್ಕದ ಚೀಲ, ಮಕ್ಕಳ ಡೈಪರು...”

“ಹ್ವಾಯ್, ಅದ್ ಬಿಡಿ,” ಎಂದಿತು ಹೊಳೆ. “ಕುಂಚಿಕಲ್ ಇಚಾರ ಬರ್ಕಣಿ ಮೊದ್ಲ್.”

ಕುಂಚಿಕಲ್ ಎಂದರೆ ಮಾಸ್ತಿಕಟ್ಟೆಯ ಬಳಿ ವಾರಾಹಿ, ಅಂದರೆ ಇದೇ ಹಾಲಾಡಿ ಹೊಳೆ, ಹಂತಹಂತವಾಗಿ 455 ಮೀಟರ್ ಧುಮುಕುತ್ತಿದ್ದ ಜಾಗ. ಮಾಣಿ ಅಣೆಕಟ್ಟು ಕಟ್ಟಿ, ನೀರನ್ನು ಸುರಂಗಕ್ಕೆ ಇಳಿಸಿ, ಹೊಸಂಗಡಿಯ ಭೂಗರ್ಭ ವಿದ್ಯುದಾಗಾರದಲ್ಲಿ ಟರ್ಬೈನು ತಿರುಗಿಸತೊಡಗಿದ ಮೇಲೆ ಮಳೆಗಾಲ ಬಿಟ್ಟರೆ ಅಲ್ಲಿ ಉಳಿದದ್ದು ಬಂಡೆ. ವಿದ್ಯುದಾಗಾರದ ಸಾಮರ್ಥ್ಯ 460 ಮೆಗಾವಾಟ್. ನಾಡಿಗೆ ಬೆಳಕು ಕೊಟ್ಟ ಹೆಮ್ಮೆ ಇರಬೇಕಲ್ಲ ಎಂದು ಕೇಳಿದ್ದೇ ತಪ್ಪಾಯಿತು.

“ಶರಾವತಿಗೆ ಸಿನೆಮಾ ಇತ್ತ್, ಹಾಡ್ ಇತ್ತ್. ನಂಗೆಂತ ಇತ್ತ್? ಜೋಗ 253 ಮೀಟ್ರ್. ನಾನ್ ಎಷ್ಟ್, ಲೆಕ್ಕ ಹಾಕಿ. ಈಗ ನನ್ ಜಲಪಾತ ಕಾಂಬುಕೆ ಹೊಸಂಗಡಿಯಂಗೆ ಪಾಸ್ ಬೇಕಂಬ್ರ್. ಬೀಳು ನಂಗೇ ಪಾಸ್ ಇಲ್ಲೆ!”

1979ರ ವಾರಾಹಿ ನೀರಾವರಿ ಯೋಜನೆಯ ಕಾಲುವೆ ತಲೆಮಾರು ಕಳೆದರೂ ಮುಗಿಯದ ಬಗ್ಗೆ ಕೇಳಿದರೆ ಹೊಳೆ ಆಕಳಿಸಿತು. ಮರಳುಗಾರಿಕೆಯ ಮಾತೆತ್ತಿದರೆ ತಿರುವಿನ ಕಡೆ ಮುಖ ಮಾಡಿತು. ಜೋಗಕ್ಕೆ ಸಿಕ್ಕ ಪ್ರವಾಸಿಗರ ಮಾತು ಬಂದಾಗ ಮಾತ್ರ ದಡಕ್ಕೆ ಬಡಿದು ವಾಪಸು ಬಂತು.

ಕೊನೆಗೆ ಸ್ವಚ್ಛತಾ ಅಭಿಯಾನದ ಪ್ರಸ್ತಾಪವಾಯಿತು. “ಬತ್ರ್. ಕೈಗವಸ ಹಾಕ್ತ್ರ್, ಫೋಟೊ ತೆಗಿತ್ರ್, ಉಪ್ಪಿಟ್ ತಿಂತ್ರ್. ಪ್ಲೇಟ್ ಇಲ್ಲೇ ಬಿಡ್ತ್ರ್.”

“ಫ್ಲೆಕ್ಸ್ ಹಾಕಿದ್ದರೇ?” ಅಂಕಣಕಾರರ ಕಣ್ಣು ಅರಳಿತು. ಇವರಿಗೆ ಫ್ಲೆಕ್ಸ್ ಕಂಡರೆ ಮೈಯೆಲ್ಲ ಉರಿ. ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳ ಜೊತೆಗೆ ಫ್ಲೆಕ್ಸನ್ನೂ ಕರ್ನಾಟಕ ಸರ್ಕಾರ 2016ರ ಮಾರ್ಚ್ 11ರಂದೇ ನಿಷೇಧಿಸಿದೆ. ಆ ಅಧಿಸೂಚನೆಯನ್ನು ಹೊಳೆಗೆ ಓದಿ ಹೇಳಲು ಅವರು ಬ್ಯಾಗಿಗೆ ಕೈ ಹಾಕಿದರು. ಫ್ಲೆಕ್ಸಿನ ಅಳತೆ ಎಷ್ಟಿತ್ತು? ಎಷ್ಟು ಮುಖಗಳಿದ್ದವು? ಅಭಿಯಾನ ಮುಗಿದ ಮೇಲೆ ಯಾರಾದರೂ ಅದನ್ನು ಬಿಚ್ಚಿದರೇ?

“ಮಳಿ ಬಂದಾಗ ಅದೇ ಬಿಚ್ಕಂಡ್ ನನ್ ಮೈಮೇಲ್ ಬಿತ್ತ್,” ಎಂದು ಹೊಳೆ ಮತ್ತೆ ಕುಂಚಿಕಲ್ಲಿಗೆ ಹೊರಳಿತು.

ಹೊಳೆಯನ್ನು ಕೊಳೆಯ ಮಾತಿಗೆ ಮರಳಿಸಲು ಅಂಕಣಕಾರರು ಯುರೋಪಿಗೆ ಹಾರಿದರು. ರೈನ್ ನದಿಯನ್ನು ಕಾಯಲು ಐದು ದೇಶಗಳು ಕೂಡಿ 1950ರಲ್ಲೇ ಆಯೋಗ ಮಾಡಿಕೊಂಡಿದ್ದವು. ಸಭೆಗಳು ನಡೆಯುತ್ತಿದ್ದವು, ನದಿ ಕೊಳೆಯುತ್ತಿತ್ತು. 1986ರ ನವೆಂಬರ್ 1ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ಬಳಿ ಸ್ಯಾಂಡೋಜ್ ಕಂಪನಿಯ ಗೋದಾಮಿಗೆ ಬೆಂಕಿ ಬಿತ್ತು. ಬೆಂಕಿ ಆರಿಸಿದ ನೀರಿನೊಂದಿಗೆ ಕೀಟನಾಶಕ ನದಿಗಿಳಿದು ನೀರು ಕೆಂಪಾಯಿತು, ಹಾವುಮೀನುಗಳು ರಾಶಿ ರಾಶಿ ಸತ್ತವು. ಜನ ಬೀದಿಗೆ ಬಂದರು. ಮರುವರ್ಷವೇ ಕಾರ್ಯಯೋಜನೆ ಸಿದ್ಧವಾಯಿತು. 2000ದ ಹೊತ್ತಿಗೆ ಸಾಲ್ಮನ್ ಮೀನು ಮರಳಬೇಕೆಂಬುದು ಗುರಿ. 1990ರಲ್ಲೇ ಜೀಗ್ ಎಂಬ ಉಪನದಿಯಲ್ಲಿ ಒಂದು ಸಾಲ್ಮನ್ ಕಾಣಿಸಿತು.

ಹೊಳೆ ಸುಮ್ಮನಾಯಿತು. ಸತ್ತ ಮೀನಿನ ಮಾತು ಕೇಳಿದ ಮೇಲೆ ಅದರ ದನಿಯಲ್ಲಿ ತಮಾಷೆ ಇರಲಿಲ್ಲ.

ಅಷ್ಟು ದೂರ ಯಾಕೆ ಹೋಗಬೇಕು, ಘಟ್ಟದ ಆಚೆ ತುಂಗಭದ್ರೆ ಇಲ್ಲವೇ ಎಂದಿತು. ಹರಿಹರದ ಬಳಿ 1972ರಲ್ಲಿ ಪಾಲಿಫೈಬರ್ಸ್ ಕಾರ್ಖಾನೆ ಬಂತು. ಅದು ಬಿಟ್ಟ ನೀರಿನಿಂದ ಕೆಳಗಿನ ಊರುಗಳಲ್ಲಿ ಮೀನು ಸತ್ತಾಗ ಮೊದಲು ಗೊತ್ತಾದದ್ದು ಬಲೆ ಬೀಸುವವರಿಗೆ, ದನಕ್ಕೆ ನೀರು ಕುಡಿಸುವವರಿಗೆ. ಮೀನುಗಾರ ಹೇಳಿದರೆ ಸಾಕ್ಷಿ ಎಲ್ಲಿ ಎನ್ನುತ್ತಾರೆ. ಪ್ರಯೋಗಾಲಯದ ಕಾಗದ ಬರುವಷ್ಟರಲ್ಲಿ ಆ ನೀರು ಹರಿದುಹೋಗಿರುತ್ತದೆ. ಹರಿಹರದಲ್ಲಿ ಹೊಳೆಗೆ ಬಿಟ್ಟದ್ದು ರಾಜ್ಯದ ಗಡಿ ದಾಟಿ ಮಂತ್ರಾಲಯದಲ್ಲಿ ತೀರ್ಥವಾಗುತ್ತದೆ, ಆಗ ಕೇಳಬೇಕಾದದ್ದು ಯಾವ ಸರ್ಕಾರವನ್ನು? ಆಚೆಯವರು ಈಚೆಗೆ ಕೈ ತೋರುತ್ತಾರೆ, ಈಚೆಯವರು ಮೇಲಕ್ಕೆ. ಕೈ ತೋರುವ ಅಷ್ಟೂ ಹೊತ್ತು ಜನ ಅದೇ ನೀರು ಕುಡಿಯುತ್ತಿರುತ್ತಾರೆ.

ಆಗ ಎದ್ದು ನಿಂತದ್ದು ಸಮಾಜ ಪರಿವರ್ತನ ಸಮುದಾಯ, ಎಸ್.ಆರ್. ಹಿರೇಮಠರ ಸಂಘಟನೆ. ಅದೇ ಕಾರ್ಖಾನೆಗೆ ನೀಲಗಿರಿ ಬೆಳೆದುಕೊಡಲು ಹುಟ್ಟಿದ ಕರ್ನಾಟಕ ಪಲ್ಪ್‌ವುಡ್ ಕಂಪನಿಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಕೋಟದ ಶಿವರಾಮ ಕಾರಂತರೂ ಇದ್ದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ರೈತರು ನೀಲಗಿರಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟು ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ಮಾಡಿದರು. ಕಂಪನಿ ಕೊನೆಗೆ ಬಾಗಿಲು ಹಾಕಿತು. ನೆಲ ಉಳಿಯಿತು, ನದಿ ಇನ್ನೂ ಉಳಿದಿಲ್ಲ. 2024ರ ನವೆಂಬರಿನಲ್ಲಿ ಶೃಂಗೇರಿಯಿಂದ ಹರಿಹರಕ್ಕೆ ‘ನಿರ್ಮಲ ತುಂಗಭದ್ರಾ’ ಎಂದು ಜನ ಮತ್ತೆ ನಡೆಯಬೇಕಾಯಿತು.

“ಆ ಪಾದಯಾತ್ರೆಯಲ್ಲಿ ಫ್ಲೆಕ್ಸ್...” ಎಂದು ಅಂಕಣಕಾರರು ಬಾಯಿ ತೆರೆದರು.

“ಹ್ವಾಯ್! ಅವ್ರ್ ನಡ್ದದ್ದ್ ಕಾಣಿ. ನೀವ್ ಎಷ್ಟ್ ನಡ್ದಿರಿ?”

ಸಂದರ್ಶನದಲ್ಲಿ ಪ್ರಶ್ನೆ ಕೇಳುವ ಹಕ್ಕು ಯಾರದ್ದೆಂಬ ಚರ್ಚೆ ಇಲ್ಲಿ ಬೇಡ. ಹೊಳೆಯ ಸಿಟ್ಟಿಗೆ ಕಾರಣವಿದೆ. ವಾರಾಹಿಗೆ ಕಾರ್ಖಾನೆಯ ಶಾಪ ತಟ್ಟಿಲ್ಲ, ಎರಡು ರಾಜ್ಯಗಳ ಜಗಳವಿಲ್ಲ. ಮೇಲೆ ಶಿವಮೊಗ್ಗ ಜಿಲ್ಲೆ, ಕೆಳಗೆ ಉಡುಪಿ, ಅಷ್ಟೇ. ಕುಂದಾಪುರ ಪೇಟೆ ಕುಡಿಯುವುದು ಇದೇ ನೀರು. ಉಡುಪಿ ನಗರಕ್ಕೂ ಹಾಲಾಡಿಯ ಭರತ್ಕಲ್‌ನಿಂದ ಪೈಪು ಹಾಕಲಾಗಿದೆ. ಬಾಳೆಬರೆ ಘಾಟಿಯಲ್ಲಿ ಕಾರು ನಿಲ್ಲಿಸಿ ಬಾಟಲಿ ಎಸೆದು ಊರಿಗೆ ಮರಳುವವರು ಮನೆಯಲ್ಲಿ ತಿರುಗಿಸುವ ನಲ್ಲಿ ಯಾವ ಹೊಳೆಯದ್ದೆಂದು ಒಮ್ಮೆ ಯೋಚಿಸಬಹುದು. ಜಗಳವೇ ಇಲ್ಲದ ಈ ನೀರನ್ನು ಕಾಯಲಾಗದಿದ್ದರೆ ಮೂರು ರಾಜ್ಯಗಳ ತುಂಗಭದ್ರೆಯ ಬಗ್ಗೆ ಭಾಷಣ ಬಿಗಿಯುವುದರಲ್ಲಿ ಅರ್ಥವಿಲ್ಲ.

ಕಾಯುವ ಕೆಲಸಕ್ಕೆ ಕೈಗವಸಿಗಿಂತ ಚಿಕ್ಕ ಸಲಕರಣೆಯೊಂದಿದೆ. ಜಲಜೀವನ್ ಮಿಷನ್ ಪ್ರಕಾರ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ತರಬೇತಿ ಕೊಡಬೇಕು, ಪರೀಕ್ಷಾ ಕಿಟ್ ಸಿಗಬೇಕು. ಬ್ಯಾಕ್ಟೀರಿಯಾ ಪತ್ತೆಗೆ ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಬಾಟಲಿ ಸಾಕು: ನೀರು ತುಂಬಿ, ಮುಚ್ಚಳ ಬಿಗಿದು, ಒಂದೆರಡು ದಿನ ಬೆಚ್ಚಗೆ ಇಟ್ಟರೆ ಹೊಲಸಾದ ನೀರು ಕಪ್ಪಾಗುತ್ತದೆ. ಅದನ್ನು ಓದಲು ಇಂಜಿನಿಯರೂ ಬೇಡ, ಕನ್ನಡಕವೂ ಬೇಡ.

ಹೊಳೆದಂಡೆಯ ಯಾವುದೇ ಪಂಚಾಯತಿನವರಾಗಿರಿ, ಮುಂದಿನ ಗ್ರಾಮಸಭೆಗೆ ಹೋದಾಗ ಬೀದಿದೀಪದ ಅರ್ಜಿಯ ಜೊತೆಗೆ ಇಷ್ಟು ಕೇಳಿ: ನಮ್ಮೂರಿನ ಆ ಐವರು ಯಾರು, ಕಿಟ್ ಯಾವ ಕಪಾಟಿನಲ್ಲಿದೆ, ಕಳೆದ ಸಲದ ಬಾಟಲಿ ಯಾವ ಬಣ್ಣಕ್ಕೆ ತಿರುಗಿತ್ತು? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸದೆ ಎದ್ದು ಬರಬೇಡಿ.