ಅಂಬರನಾಥಕ್ಕೆ ಹತ್ತಿರ, ನೆಂಟರಿಗೆ ಇನ್ನೂ ಹತ್ತಿರ

ಸೈನ್ಯದಲ್ಲಿರುವ ಮನುಷ್ಯನಿಗೆ ಎಲ್ಲ ಕಷ್ಟಗಳ ನಡುವೆ ಒಂದು ಸುಖ ಖಾತ್ರಿ: ಯಾವ ಊರಲ್ಲಿ ಇರುತ್ತೀಯಪ್ಪಾ ಎಂದು ಅವನನ್ನು ಯಾರೂ ಕೇಳುವುದಿಲ್ಲ. ಆರ್ಡರ್ ಬರುತ್ತದೆ, ಟ್ರಂಕು ಕಟ್ಟುತ್ತಾನೆ, ಹೊರಡುತ್ತಾನೆ. ನಮ್ಮ ಭಾವ, ಅಂದರೆ ತಂಗಿಯ ಗಂಡ, ಧಾರವಾಡದವರು. ವಾಯುಸೇನೆಯಲ್ಲಿ 20 ವರ್ಷ ದುಡಿದು, ಕೊನೆಯ ಪೋಸ್ಟಿಂಗನ್ನು ರಾಜಸ್ಥಾನದ ಬಾಡ್ಮೇರ್ ಬಳಿಯ ಉತ್ತರ್‌ಲಾಯಿ ನೆಲೆಯಲ್ಲಿ ಮುಗಿಸಿದರು. ಥಾರ್ ಮರುಭೂಮಿಯಲ್ಲಿ ಮನೆ ಆರಿಸುವ ತಾಪತ್ರಯವೇ ಇಲ್ಲ. ಬೇಲಿಯ ಒಳಗೆ ಕ್ವಾರ್ಟರ್ಸ್, ಬೇಲಿಯ ಹೊರಗೆ ಮರಳು. ಎರಡರಲ್ಲಿ ಯಾವುದು ಬೇಕು ಎಂದರೆ ಯಾವ ಹೆಂಡತಿಯೂ ತಕರಾರು ತೆಗೆಯುವುದಿಲ್ಲ.

ತಕರಾರು ಶುರುವಾದದ್ದು ಭಾವ ನಿವೃತ್ತರಾಗಿ, ಅಂಬರನಾಥದ ಆರ್ಡ್ನೆನ್ಸ್ ಫ್ಯಾಕ್ಟರಿಯಲ್ಲಿ ಎರಡನೇ ನೌಕರಿ ಹಿಡಿದ ಮೇಲೆ. ಅಂಬರನಾಥ ಕಲ್ಯಾಣದ ಆಚೆ, ಕರ್ಜತ್ ಕಡೆಗೆ ಹೋಗುವ ಲೈನಿನಲ್ಲಿದೆ. ಮುಂಬಯಿಯ ಸಿಎಸ್‌ಎಂಟಿ ಸ್ಟೇಷನ್ನಿನಿಂದ ಸುಮಾರು 60 ಕಿಲೋಮೀಟರು. 1060ರಲ್ಲಿ ಶಿಲಾಹಾರರ ಕಾಲದಲ್ಲಿ ಕಟ್ಟಿದ ಶಿವನ ಗುಡಿ ಅಲ್ಲಿದೆ. ಈ ಶಿಲಾಹಾರರು ಹಿಂದೆ ನಮ್ಮ ರಾಷ್ಟ್ರಕೂಟರ ಸಾಮಂತರಾಗಿದ್ದವರು. ಹಾಗಾಗಿ ಭಾವ ಮೊದಲ ದಿನವೇ, "ಇದು ನಮ್ಮ ಮಂದಿ ಊರೇ ಅದರೀ" ಎಂದು ಘೋಷಿಸಿಬಿಟ್ಟರು. ಫ್ಯಾಕ್ಟರಿಗೆ ಸೇರಿದ ಎಸ್ಟೇಟಿನಲ್ಲಿ ಕ್ವಾರ್ಟರ್ಸ್ ಇವೆ, ಮರಗಳಿವೆ, ಅಗಲವಾದ ರಸ್ತೆಗಳಿವೆ. ಭಾವನ ಮಟ್ಟಿಗೆ ಮನೆಯ ವಿಷಯ ಅಲ್ಲಿಗೆ ಮುಗಿದಿತ್ತು.

ತಂಗಿಯ ಮಟ್ಟಿಗೆ ಅದು ಆಗಷ್ಟೇ ಶುರುವಾಗಿತ್ತು. ಅವಳು ಕುಂದಾಪುರದವಳು, ಕೋಪ ಬಂದರೆ ಇಪ್ಪತ್ತು ವರ್ಷದ ಹಿಂದಿ ಕಳಚಿ ಬಿದ್ದು ಊರಿನ ಭಾಷೆ ಎದ್ದು ನಿಲ್ಲುತ್ತದೆ. "ಅಣ್ಣಯ್ಯ, ಇವ್ರಿಗೆ ಮನಿ ಬ್ಯಾಡ, ಬ್ಯಾರಕ್ ಬೇಕ್. ಇಪ್ಪತ್ ವರ್ಷ ಗ್ವಾಡಿಗೆ ಒಂದ್ ಮೊಳಿ ಹೊಡುಕ್ ಬಿಡ್ಲಿಲ್ಲೆ. ದೇವ್ರ ಫೋಟೋನ ಫ್ರಿಜ್ಜಿನ್ ಮೇಲ್ ಇಟ್ಟ್ ಪೂಜಿ ಮಾಡಿದ್ದೆ ನಾನ್." ಸರಕಾರಿ ಗೋಡೆಗೆ ಮೊಳೆ ಹೊಡೆದರೆ ಮನೆ ಬಿಡುವಾಗ ಲೆಕ್ಕ ಕೊಡಬೇಕಂತೆ. ನೆಂಟರು ಬಂದರೆ ಗೇಟಿನಲ್ಲಿ ಹೆಸರು, ವಿಳಾಸ, ಬಂದ ಕಾರಣ ಬರೆಸಬೇಕಂತೆ. ನಮ್ಮ ಅತ್ತೆಯೊಬ್ಬರು ಕಾರಣದ ಜಾಗದಲ್ಲಿ "ಸುಮ್ಮನೆ" ಎಂದು ಹೇಳಿ ಅರ್ಧ ಗಂಟೆ ಬಿಸಿಲಲ್ಲಿ ನಿಂತಿದ್ದರು. ಇನ್ನು ಮುಂದೆ ಸ್ವಂತ ಗೋಡೆ, ಸ್ವಂತ ಮೊಳೆ, ಕಾರಣವಿಲ್ಲದೆ ಬರುವ ನೆಂಟರು, ಇಷ್ಟು ತನಗೆ ಬೇಕೇ ಬೇಕು ಎಂದು ತಂಗಿ ಪಟ್ಟು ಹಿಡಿದಳು.

ಹಾಗಾದರೆ ಯಾವ ಊರು? ಈ ಪ್ರಶ್ನೆಯನ್ನು ಮುಂಬಯಿ ಕಡೆಯ ಕನ್ನಡಿಗರ ನಡುವೆ ಬಹಿರಂಗವಾಗಿ ಕೇಳಬಾರದು. ತಂಗಿ ಫ್ಯಾಮಿಲಿ ಗ್ರೂಪಿನಲ್ಲಿ ಕೇಳಿದಳು.

ಮೊದಲು ಬಂದದ್ದು ಥಾಣೆಯ ದೊಡ್ಡಪ್ಪ. ಅವರ ಪ್ರಕಾರ ಥಾಣೆ ಬಿಟ್ಟರೆ ಉಳಿದದ್ದೆಲ್ಲ ಹಳ್ಳಿ. ಭಾರತದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟು 34 ಕಿಲೋಮೀಟರು ಓಡಿ ಬಂದದ್ದು ಥಾಣೆಗೆ. ಇದನ್ನು ದೊಡ್ಡಪ್ಪ ಹೇಳುವ ರೀತಿ ನೋಡಿದರೆ ಆ ದಿನ ಪ್ಲಾಟ್‌ಫಾರಂನಲ್ಲಿ ಹಾರ ಹಿಡಿದು ನಿಂತವರಲ್ಲಿ ಇವರೂ ಒಬ್ಬರು. ಕೆರೆಗಳ ಊರು, ಸಂಜೆ ತಲಾವ್ ಪಾಳಿಯಲ್ಲಿ ತಂಪು ಗಾಳಿ, ಬೆನ್ನಿಗೆ ಯೇವೂರಿನ ಕಾಡು, ಎಲ್ಲವೂ ನಿಜ. ಘೋಡ್‌ಬಂದರ್ ರಸ್ತೆಯ ಬಿಲ್ಡಿಂಗುಗಳಿಗೆ ಇಟಲಿಯ ಊರುಗಳ ಹೆಸರು, ಲಿಫ್ಟಿಗೆ ಅತ್ತರಿನ ವಾಸನೆ, ಅದೂ ನಿಜ. ಮೂರೂವರೆ ಕೋಣೆಯ ಬಾಡಿಗೆ ಕೇಳಿದ ಭಾವ ತಮ್ಮ ಪೆನ್ಷನ್ ಪುಸ್ತಕ ತೆಗೆದು ನೋಡಿ, "ದೊಡ್ಡಪ್ಪಾರ, ಆ ಅರ್ಧಾ ಕೋಣಿ ಒಂದ ಸಿಗತದೇನ್ರಿ?" ಎಂದು ವಿಚಾರಿಸಿದರು.

ಆಮೇಲೆ ನೆರೂಳಿನ ಚಿಕ್ಕಮ್ಮ. ನವಿ ಮುಂಬಯಿಯವರ ವಾದದಲ್ಲಿ ಒಂದು ಶಿಸ್ತಿದೆ. ಊರೇ ನಕ್ಷೆಯ ಮೇಲೆ ಹುಟ್ಟಿದ್ದು ನೋಡಿ. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಮತ್ತು ಜೊತೆಯವರು ಬಂದರಿನ ಆಚೆ ಹೊಸ ನಗರ ಕಟ್ಟಿ ಎಂದು ಹೇಳಿದರು, 1970ರಲ್ಲಿ ಸಿಡ್ಕೋ ನಿಗಮ ಹುಟ್ಟಿತು, ಖಾಡಿಯ ದಂಡೆಯ ಗದ್ದೆಗಳು ಸೆಕ್ಟರುಗಳಾದವು. ಚಿಕ್ಕಮ್ಮ ತಮ್ಮ ಮನೆಯ ದಾರಿಯನ್ನು ಅಂಕಿಗಳಲ್ಲೇ ಹೇಳುತ್ತಾರೆ. ಮಹಾನಗರಪಾಲಿಕೆಗೆ ಸ್ವಂತ ಅಣೆಕಟ್ಟಿದೆ, ಮೊರ್ಬೆ ಅಂತ. "ನಲ್ಲಿ ತಿರುಗಿಸಿದರೆ ಸಾಕು" ಎಂದು ಮರುಭೂಮಿಯಿಂದ ಬಂದವರ ಎದುರು ಅವರು ನಲ್ಲಿಯನ್ನೇ ತಿರುಗಿಸಿ ತೋರಿಸಿದರು. ವಾಶಿಯ ಎಪಿಎಂಸಿಯಿಂದ ಸಗಟು ದರದ ತೆಂಗಿನಕಾಯಿ, ಮಳೆಗಾಲದಲ್ಲಿ ಊರಿನಿಂದ ಬರುವ ಮೇಳಗಳ ಯಕ್ಷಗಾನ, ಪಕ್ಕದ ಬೀದಿಯಲ್ಲೇ ತುಳು ಮಾತಾಡುವ ಹೊಟೇಲು. ತಂಗಿ ಅರ್ಧ ಸೋತಾಗಿತ್ತು. ಅಷ್ಟರಲ್ಲಿ ಚಿಕ್ಕಮ್ಮ ಬ್ರಹ್ಮಾಸ್ತ್ರ ಬಿಟ್ಟರು: "ಈಗ ವಿಮಾನ ನಿಲ್ದಾಣವೂ ಬಂತಲ್ಲ!"

ಬಂತು, ಹೌದು. 2025ರ ಡಿಸೆಂಬರ್ 25ರಿಂದ ವಿಮಾನಗಳು ಹಾರುತ್ತಿವೆ. ಅಲ್ಲಿನ ಫ್ಲ್ಯಾಟುಗಳ ದರ ಮಾತ್ರ ರನ್‌ವೇಗೆ ಕಾಯದೆ ಎಷ್ಟೋ ವರ್ಷ ಮೊದಲೇ ಹಾರಿತ್ತು. ಭಾವ ಕೈ ಮುಗಿದರು. "ಇಪ್ಪತ್ತ ವರ್ಷ ರನ್‌ವೇ ಬಾಜೂಕ ಮಲಗಿ ಬಂದೀನ್ರಿ ಚಿಗವ್ವಾರ. ಈಗ ರೊಕ್ಕಾ ಕೊಟ್ಟು ವಿಮಾನದ ಸಪ್ಪಳಾ ಕೊಳ್ಳಬೇಕೇನ್ರಿ?" ಅದಲ್ಲದೆ ನೆರೂಳಿನಿಂದ ಅಂಬರನಾಥಕ್ಕೆ ಹೋಗಬೇಕೆಂದರೆ ಥಾಣೆವರೆಗೆ ಒಂದು ಗಾಡಿ, ಅಲ್ಲಿ ಸೇತುವೆ ಹತ್ತಿ ಇಳಿದು ಇನ್ನೊಂದು ಗಾಡಿ. ಥಾಣೆಯ ಸೇತುವೆಯ ಮೇಲೆ ಬೆಳಗಿನ ಹೊತ್ತು ನಡೆಯುವ ಅಗತ್ಯವಿಲ್ಲ. ಜನರೇ ಎತ್ತಿಕೊಂಡು ಹೋಗುತ್ತಾರೆ, ಎಲ್ಲಿಗೆ ಎಂಬುದು ಅವರ ಇಷ್ಟ.

ಭಾವನ ಪರವಾಗಿ ಕಣಕ್ಕಿಳಿದವರು ಕಲ್ಯಾಣದ ಕಾಕಾ. ಶಿವಾಜಿ ಮಹಾರಾಜರೇ 1657ರಲ್ಲಿ ಆರಿಸಿಕೊಂಡ ಊರು, ನೀವು ಯಾವ ದೊಡ್ಡ ಮನುಷ್ಯರು ಎಂಬುದು ಅವರ ಪೀಠಿಕೆ. ನಿಜವಾದ ವಾದ ಬೇರೆಯೇ ಇತ್ತು: ಪುಣೆ, ಮೀರಜ್, ಬೆಳಗಾವಿ ದಾರಿಯಲ್ಲಿ ಧಾರವಾಡಕ್ಕೆ ಹೋಗುವ ಚಾಲುಕ್ಯ, ಶರಾವತಿ ಗಾಡಿಗಳು ಕಲ್ಯಾಣದಲ್ಲಿ ನಿಲ್ಲುತ್ತವೆ. ಮನೆಯಿಂದ ಆಟೋ, ಆಟೋದಿಂದ ಬರ್ತ್, ಬೆಳಗಾದರೆ ಶೇಂಗಾ ಚಟ್ನಿ. ತಂಗಿ ತಕ್ಷಣ ಎದ್ದು ಕೂತಳು. ಕೊಂಕಣ ರೈಲ್ವೆ 1998ರಲ್ಲಿ ಪೂರ್ತಿ ಶುರುವಾದಂದಿನಿಂದ ಅವಳ ಗಾಡಿ ಮತ್ಸ್ಯಗಂಧ. ಅದು ಥಾಣೆಯಲ್ಲಿ ನಿಲ್ಲುತ್ತದೆ, ಪನ್ವೇಲಿನಲ್ಲಿ ನಿಲ್ಲುತ್ತದೆ, ಕಲ್ಯಾಣದ ಕಡೆ ತಲೆ ಹಾಕುವುದಿಲ್ಲ. ಅಲ್ಲಿಗೆ ಎಲ್ಲರಿಗೂ ವಿಷಯ ಸ್ಪಷ್ಟವಾಯಿತು. ಫ್ಯಾಕ್ಟರಿಗೆ ಯಾವ ಊರು ಹತ್ತಿರ ಎಂದು ನೋಡುತ್ತಿದ್ದವರು ಯಾರೂ ಇರಲಿಲ್ಲ. ಯಾರ ತವರಿನ ಗಾಡಿ ಎಲ್ಲಿ ನಿಲ್ಲುತ್ತದೆ ಎಂಬುದೇ ಪ್ರಶ್ನೆ.

ಕಾಕಾನ ಮನೆಯಿಂದ ವಾಪಸಾಗುವಾಗ ಉಲ್ಲಾಸನಗರದಲ್ಲಿ ಮಂಚ, ಕಪಾಟುಗಳ ದರ ವಿಚಾರಿಸೋಣ ಎಂದು ಹೋದೆವು. ಆ ಊರಿನ ಕತೆ ಭಾವನಿಗೆ ಹಿಡಿಸಿತು. ಎರಡನೇ ಮಹಾಯುದ್ಧದಲ್ಲಿ ಅದು ಸೈನ್ಯದ ಟ್ರಾನ್ಸಿಟ್ ಕ್ಯಾಂಪು. ದೇಶ ವಿಭಜನೆಯಾದಾಗ ಸಿಂಧಿನಿಂದ ಬಂದ ನಿರಾಶ್ರಿತರನ್ನು ಆ ಬ್ಯಾರಕ್ಕುಗಳಲ್ಲೇ ಇಳಿಸಿದರು. 1949ರ ಆಗಸ್ಟ್ 8ರಂದು ಗವರ್ನರ್ ಜನರಲ್ ರಾಜಗೋಪಾಲಾಚಾರಿ ಅದನ್ನು ಊರೆಂದು ಸಾರಿದರು. ಈಗಲೂ ವಿಳಾಸ ಹೇಳುವುದು ಕ್ಯಾಂಪ್ ನಂಬರ್ 1ರಿಂದ 5ರವರೆಗಿನ ಲೆಕ್ಕದಲ್ಲೇ. ಭಾವ ಇದ್ದ ಬಾಡ್ಮೇರಿನಿಂದ ಗಡಿ ದಾಟಿದರೆ ಸಿಂಧ್. ಕಪಾಟಿನ ಅಂಗಡಿಯ ಮುದುಕರ ಹತ್ತಿರ ಅವರು ಮರಳುಗಾಳಿಯ ವಿಷಯ ತೆಗೆದದ್ದೇ ತಡ, ಚಹಾ ಬಂತು, ಕಪಾಟಿನ ಬೆಲೆ ಇಳಿಯಿತು. ಮುದುಕರು ಹೇಳಿದ್ದು ಇಷ್ಟೇ: ನಮ್ಮಪ್ಪನಿಗೆ ಊರು ಆರಿಸಲು ಯಾರೂ ಹೇಳಲಿಲ್ಲ, ಕೊಟ್ಟ ಬ್ಯಾರಕ್ಕಿನಲ್ಲಿ ಅಂಗಡಿ ಇಟ್ಟ. ಭಾವ ಹೆಂಡತಿಯ ಮುಖ ನೋಡಿದರು. ತಂಗಿ ಕಪಾಟಿನ ಬಾಗಿಲು ತೆಗೆದು ಹಾಕಿ ನೋಡುತ್ತಿದ್ದಳು.

ಬದ್ಲಾಪುರದಲ್ಲಿ ಅಗ್ಗಕ್ಕೆ ಸಿಗುತ್ತದೆ, ಅಂಬರನಾಥದ ಮುಂದಿನ ಸ್ಟೇಷನ್ನೇ ಎಂದು ಬ್ರೋಕರನೊಬ್ಬ ಹಿಂದೆ ಬಿದ್ದ. ಬಾಲ್ಕನಿಯಿಂದ ನದಿ ಕಾಣುತ್ತದೆ ಎಂದ. ಉಲ್ಲಾಸ್ ನದಿ ಬಾಲ್ಕನಿಯಿಂದ ಕಾಣುವುದಲ್ಲದೆ ಕೆಲವು ಸಲ ಬಾಲ್ಕನಿಗೇ ಬರುತ್ತದೆ ಎಂಬುದನ್ನು ಅವನು ಹೇಳಲಿಲ್ಲ. 2019ರ ಜುಲೈ 27ರಂದು, ಕೊಲ್ಹಾಪುರಕ್ಕೆ ಹೊರಟಿದ್ದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದ್ಲಾಪುರ, ವಾಂಗಣಿ ನಡುವೆ ನೀರಿನಲ್ಲಿ ಸಿಕ್ಕಿ, ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ದೋಣಿಗಳಲ್ಲಿ ಇಳಿಸಿಕೊಂಡದ್ದು ನೆನಪಿದೆ ತಾನೆ? ಮರುಭೂಮಿಯಿಂದ ಬಂದವರನ್ನು ಇದರಿಂದ ಹೆದರಿಸಬಹುದು ಎಂದುಕೊಂಡೆ. ಭಾವ ಹೆದರಲಿಲ್ಲ, 2006ರಲ್ಲಿ ಬಾಡ್ಮೇರಿನ ಕವಾಸ್ ಮುಳುಗಿದ ಕತೆ ತೆಗೆದು ನನ್ನನ್ನೇ ಹೆದರಿಸಿದರು.

ಕೊನೆಗೆ ಸರದಿ ನನ್ನದು. ನಾನು ಡೊಂಬಿವಲಿಯವ. ನಮ್ಮೂರಿಗೆ ಸಾಂಸ್ಕೃತಿಕ ನಗರಿ ಎಂಬ ಬಿರುದಿದೆ, ದೀಪಾವಳಿಯ ಬೆಳಗ್ಗೆ ಫಡ್ಕೆ ರೋಡಿನಲ್ಲಿ ಹೊಸ ಬಟ್ಟೆಯ ಜಾತ್ರೆಯಿದೆ, ಕನ್ನಡಿಗರ ಮಂಜುನಾಥ ವಿದ್ಯಾಲಯವಿದೆ, ಸಂಘವಿದೆ, ಸಂಘದಿಂದ ಮುನಿಸಿಕೊಂಡವರಿಗೆ ಬೇರೆ ಸಂಘಗಳಿವೆ. ಎಂಐಡಿಸಿ ಕಾರ್ಖಾನೆಗಳ ಕೃಪೆಯಿಂದ ಬಣ್ಣಗಳಿಗೂ ಕೊರತೆಯಿಲ್ಲ. 2014ರಲ್ಲಿ ಹಸಿರು ಮಳೆ ಬಂದಿತ್ತು, 2020ರಲ್ಲಿ ರಸ್ತೆಯೊಂದು ಗುಲಾಬಿಯಾಗಿ ಮುಖ್ಯಮಂತ್ರಿಗಳೇ ನೋಡಲು ಬಂದರು. ಇದನ್ನೆಲ್ಲ ಮೆಲುದನಿಯಲ್ಲಿ ದಾಟಿಸಿ, ನನ್ನ ತುರುಪನ್ನು ಎಸೆದೆ: ಡೊಂಬಿವಲಿಯ ಇಡೀ ಊರು ಬೆಳಗ್ಗೆ ಮುಂಬಯಿ ಕಡೆ ಓಡುತ್ತದೆ, ಭಾವ ಹೋಗುವುದು ಉಲ್ಟಾ ದಿಕ್ಕಿಗೆ. ನಮ್ಮಲ್ಲಿ ಫಾಸ್ಟ್ ಗಾಡಿಯ ಬಾಗಿಲಿನಲ್ಲಿ ಒಂದು ಕಾಲಿಗೆ ಜಾಗ ಸಿಕ್ಕವನು ಭಾಗ್ಯವಂತ. ಮೂವರ ಸೀಟಿನ ಅಂಚಿಗೆ ಅರ್ಧ ಪೃಷ್ಠ ಇಡುವ ಚೌಥಿ ಸೀಟು ಸಿಕ್ಕರೆ ಅದು ಪೂರ್ವಜನ್ಮದ ಪುಣ್ಯ. ಅಂಥ ಊರಿನಲ್ಲಿ ಕಿಟಕಿ ಪಕ್ಕ ಕೂತು, ಕಾಲು ಚಾಚಿ, ಪೇಪರ್ ಪೂರ್ತಿ ಬಿಡಿಸಿ ಓದುತ್ತ ನೌಕರಿಗೆ ಹೋಗುವ ಮನುಷ್ಯ!

ಭಾವ ಪರೀಕ್ಷೆಗೆಂದು ಬೆಳಗಿನ ಅಂಬರನಾಥ ಲೋಕಲ್ ಹತ್ತಿದರು. ಕಿಟಕಿಗಳಲ್ಲಿ ಆಗಲೇ ಜನ ಕೂತಿದ್ದರು. ಕಲ್ಯಾಣ ಬಂತು, ಅವರು ಏಳಲಿಲ್ಲ. ಉಲ್ಲಾಸನಗರ ಬಂತು, ಏಳಲಿಲ್ಲ. ಅಂಬರನಾಥದಲ್ಲಿ ಗಾಡಿ ಖಾಲಿಯಾಗಬೇಕು, ಆಗಲೂ ಏಳಲಿಲ್ಲ. ಅವರಿಗೆ ಸ್ಟೇಷನ್ ಬಂತು ಎಂದು ಭಾವ ನೆನಪು ಮಾಡಿದರು. ಅವರು ಕಣ್ಣು ಮುಚ್ಚಿಕೊಂಡೇ ನಕ್ಕರು. ಅವರೆಲ್ಲ ಮುಂಬಯಿಗೆ ಹೋಗುವವರೇ. ಸೀಟು ಹಿಡಿಯುವ ಆಸೆಗೆ ಡೊಂಬಿವಲಿಯಿಂದ ಹಿಂದಕ್ಕೆ ಬಂದು, ಅದೇ ಗಾಡಿಯಲ್ಲಿ ಕೂತಲ್ಲೇ ತಿರುಗಿ ಹೋಗುತ್ತಾರೆ. ಇದಕ್ಕೆ ಡೌನ್ ಮಾಡಿ ಬರುವುದು ಎನ್ನುತ್ತಾರೆ. ಸೈನ್ಯದಲ್ಲಿ ಮುಂದಕ್ಕೆ ನುಗ್ಗುವುದನ್ನು ಮಾತ್ರ ಕಲಿತಿದ್ದ ಭಾವ ಈ ಯುದ್ಧತಂತ್ರಕ್ಕೆ ತಲೆದೂಗಿ, ಮರುದಿನದಿಂದ ಕಿಟಕಿಯ ಆಸೆ ಬಿಟ್ಟು ನಡುವಿನ ಸೀಟಿಗೆ ತೃಪ್ತರಾದರು. ಅಷ್ಟಕ್ಕೇ ನಮ್ಮ ಬಿಲ್ಡಿಂಗಿನವರು ಅವರನ್ನು ಜಮೀನ್ದಾರರಂತೆ ನೋಡತೊಡಗಿದ್ದರು.

ಡೊಂಬಿವಲಿ ಗೆದ್ದದ್ದು ನನ್ನ ವಾದದಿಂದ ಅಲ್ಲ, ತಂಗಿಯ ತೀರ್ಪಿನಿಂದ. "ನನ್ ಗಾಡಿಯೂ ಇಲ್ಲಿ ನಿಲ್ಲುದಿಲ್ಲೆ, ಅವ್ರ್ ಗಾಡಿಯೂ ನಿಲ್ಲುದಿಲ್ಲೆ. ಸಮಾ ಆಯ್ತ್." ಊರಿಗೆ ಹೋಗುವಾಗ ಅವಳು ಚೀಲ ಹೊತ್ತು ಥಾಣೆಗೆ ಹೋಗಬೇಕು, ಅವರು ಕಲ್ಯಾಣಕ್ಕೆ ಹೋಗಬೇಕು. ಇಬ್ಬರಿಗೂ ಸಮಾನ ಅನ್ಯಾಯ. ದಾಂಪತ್ಯಕ್ಕೆ ಇದಕ್ಕಿಂತ ಗಟ್ಟಿ ಅಡಿಪಾಯ ಯಾವುದಿದೆ? ಮನೆ ಹೊಕ್ಕ ದಿನ ಅವಳು ಸುತ್ತಿಗೆ ತರಿಸಿ ಹಾಲಿನ ಗೋಡೆಗೆ ಸಾಲಾಗಿ ಮೊಳೆ ಹೊಡೆದಳು. ತೂಗುಹಾಕಲು ಅಷ್ಟು ಫೋಟೋಗಳೇ ಇರಲಿಲ್ಲ. ಥಾಣೆಯ ದೊಡ್ಡಪ್ಪ, ನೆರೂಳಿನ ಚಿಕ್ಕಮ್ಮ, ಕಲ್ಯಾಣದ ಕಾಕಾ ಮೂವರೂ ಗೃಹಪ್ರವೇಶಕ್ಕೆ ಬಂದು ಊಟ ಮಾಡಿ, "ನೀರು ಹೇಗೆ ಬರುತ್ತದೆ ನೋಡೋಣ" ಎಂದು ಹರಸಿ ಹೋದರು.

ಮನೆ ಹುಡುಕುವವರಿಗೆ ನನ್ನದು ಒಂದೇ ಮಾತು. ಇಂಥ ಊರಲ್ಲೇ ಇರಿ ಎಂದು ಯಾರಾದರೂ ಹೇಳಿದರೆ, ಗಾಳಿ, ನೀರು, ಸ್ಟೇಷನ್ನು, ಶಾಲೆಗಳ ಬಗ್ಗೆ ಆಮೇಲೆ ಕೇಳಿ. ಮೊದಲು ಅವರ ಮನೆಸಾಲ ಯಾವ ಊರಲ್ಲಿದೆ, ಕಂತು ಎಷ್ಟು ಬಾಕಿಯಿದೆ ಎಂದು ಕೇಳಿ. ಇಪ್ಪತ್ತು ವರ್ಷ ಸಾಲ ತೀರಿಸಿದವನಿಗೆ ಪಕ್ಕದ ಊರು ಚೆನ್ನಾಗಿದೆ ಎಂದು ಒಪ್ಪಿಕೊಳ್ಳುವ ಶಕ್ತಿ ಉಳಿದಿರುವುದಿಲ್ಲ. ನನ್ನನ್ನು ಕೇಳಿದರೆ ಡೊಂಬಿವಲಿಯಂಥ ಊರು ಇನ್ನೊಂದಿಲ್ಲ. ನನ್ನ ಕಂತುಗಳು ಇನ್ನೂ ಬಾಕಿ ಇವೆ.